ಬಾಲ ಸೋರುವ ಅಕ್ಷರ

ಹದಿನಾಲ್ಕನೆಯ ಗೋಡೆಯ ಮುಂದೆ ನಿಂತಾಗ ಬೂದಪ್ಪನಿಗೆ ಮೊದಲು ಬಂದದ್ದು ಸಿಟ್ಟಲ್ಲ, ಆಕಳಿಕೆ. ಇದ್ದ ಸಿಟ್ಟೆಲ್ಲ ಹದಿಮೂರು ಗೋಡೆಗಳಲ್ಲೇ ಖರ್ಚಾಗಿತ್ತು. ಆದರೆ ಆಕಳಿಸಿ ಬಾಯಿ ಮುಚ್ಚುವುದರೊಳಗೆ ಕಣ್ಣು ಬಲಗಡೆಯ ಕೆಳಮೂಲೆಗೆ ಹೋಯಿತು. ಹೋದದ್ದೇ ತಡ, ಹೊಸ ಡಬ್ಬಿಯ ಮುಚ್ಚಳ ಒಡೆದಂತೆ ಸಿಟ್ಟು ಬುಗ್ಗೆಂದಿತು.

"ಮತ್ತೆ ಸೋರಿಸಿದ್ದಾನೆ ನೋಡು ಪುಣ್ಯಾತ್ಮ!" ಎಂದು ಗೋಡೆಗೇ ಬೈದ.

ಅದು ಹಳೆಯ ಐಸ್ ಕಾರ್ಖಾನೆಯ ಹಿಂಗೋಡೆ. ಮೊನ್ನೆ ಮಂಗಳವಾರವಷ್ಟೇ ಅವನೇ ಬಳಿದು, ಒಣಗಿಸಿ, ಅಂಗೈಯಿಂದ ಸವರಿ ನೋಡಿ ಹೋಗಿದ್ದ. ಈಗ ಅದರ ಮೇಲೆ ಎರಡಾಳು ಅಗಲಕ್ಕೆ ನೀಲಿ, ಕಿತ್ತಳೆ ಬಣ್ಣದ ಅಕ್ಷರಗಳು. ಅಕ್ಷರಗಳೆಂದು ಕರೆಯುವುದಾದರೆ. ಒಬ್ಬನ ಕಾಲು ಇನ್ನೊಬ್ಬನ ಕಂಕುಳಲ್ಲಿ ಸಿಕ್ಕಿಕೊಂಡ ಪೈಲ್ವಾನರಂತೆ ಅವು ಹೆಣೆದುಕೊಂಡು ಬಿದ್ದಿದ್ದವು. ಯಾವುದು ತಲೆ, ಯಾವುದು ಹೊಟ್ಟೆ, ಯಾವುದು ಒತ್ತು, ಒಂದೂ ತಿಳಿಯದು. ತಿಳಿಯುತ್ತಿದ್ದದ್ದು ಇಷ್ಟೇ: ಕೊನೆಯ ಗೆರೆಯ ಬಾಲ ನಿಲ್ಲುವ ಕಡೆ ಬಣ್ಣ ಗಡ್ಡೆಗಟ್ಟಿ, ಅಲ್ಲಿಂದ ಮೂರು ಧಾರೆಯಾಗಿ ನೆಲದವರೆಗೆ ಇಳಿದಿತ್ತು. ಹದಿನಾಲ್ಕು ಗೋಡೆಯಲ್ಲೂ ಅದೇ ಬಾಲ, ಅದೇ ಸೋರಿಕೆ. ನೆಗಡಿಯಾದ ಮಗುವಿನ ಮೂಗಾದರೂ ನಡುವೆ ಒಂದು ದಿನ ಬಿಡುವು ಕೊಡುತ್ತದೆ.

ಬೂದಪ್ಪನೆಂಬುದು ತಂದೆತಾಯಿ ಇಟ್ಟ ಹೆಸರಲ್ಲ. ನಗರಸಭೆಯ ಗೋಡೆ ಶುಚಿ ಶಾಖೆಯ ಡಿಪೋಗೆ ದಿನವೂ ಮೈತುಂಬ ಬೂದು ಬಣ್ಣ ಸಿಡಿಸಿಕೊಂಡು ಮರಳುವವನಿಗೆ ಜೊತೆಗಾರರು ಕಟ್ಟಿದ ಹೆಸರು. ಬಣ್ಣ ಸೀಮೆಎಣ್ಣೆಗೆ ಹೋಗುತ್ತಿತ್ತು, ಹೆಸರು ಹೋಗಲಿಲ್ಲ. ಅದಕ್ಕೂ ಮುಂಚೆ ಮೂವತ್ತು ವರ್ಷ ಅವನು ಬೋರ್ಡ್ ಪೇಂಟರ್. ಔಷಧಿ ಅಂಗಡಿ, ವಕೀಲರ ಕಚೇರಿ, ಲಾರಿಯ ಬೆನ್ನು, ಹಲ್ಲಿನ ಡಾಕ್ಟರ ಮೆಟ್ಟಿಲು, ಹೀಗೆ ಊರಿನ ಅರ್ಧ ಹೆಸರುಗಳು ಅವನ ಬ್ರಷ್ಷಿನ ತುದಿಯಿಂದಲೇ ಇಳಿದಿದ್ದವು. ಆಮೇಲೆ ಫ್ಲೆಕ್ಸ್ ಬಂತು. ಯಂತ್ರ ಉಗುಳಿದ್ದನ್ನು ನಾಲ್ಕು ಮೂಲೆಗೆ ಕಟ್ಟಿದರೆ ಬೋರ್ಡು. ಬರೆಯುವವನು ಅಳಿಸುವವನಾದ. ಹಣೆಬರಹ ಅಳಿಸಲಾಗದು ಎನ್ನುತ್ತಾರೆ, ಗೋಡೆಬರಹ ಅಳಿಸಬಹುದು. ಆದರೆ ಅದನ್ನು ಅಳಿಸುತ್ತ ಕೂರುವುದೇ ಅವನ ಹಣೆಯಲ್ಲಿ ಬರೆದಿತ್ತು.

ಅಳಿಸುವುದರಲ್ಲೂ ಅವನಿಗೊಂದು ಚಾಳಿ. ಶಾಖೆ ಎಲ್ಲರಿಗೂ ಕೊಡುವುದು ಒಂದೇ ಬೂದು. ಉಳಿದವರು ಅದನ್ನು ಬಕೆಟ್ಟಿನಿಂದ ನೇರ ಗೋಡೆಗೆ ಬಳಿದು, ಹರಿದ ಪ್ಯಾಂಟಿಗೆ ತೇಪೆ ಹಾಕಿದಂತೆ ಚೌಕ ಎಳೆದು ನಡೆದುಬಿಡುತ್ತಿದ್ದರು. ಬೂದಪ್ಪ ಹಾಗಲ್ಲ. ಚೀಲದಲ್ಲಿ ಕಪ್ಪು, ಹಳದಿ, ಕಾವಿ, ಮೂರು ಪುಟ್ಟ ಡಬ್ಬಿ ಇಟ್ಟುಕೊಂಡು, ಹನಿಹನಿ ಬೆರೆಸಿ, ರಟ್ಟಿನ ಚೂರಿನ ಮೇಲೆ ಬಳಿದು, ಒಣಗಿಸಿ, ಗೋಡೆಗೆ ಹಿಡಿದು ನೋಡಿ, ಗೋಡೆಯದೇ ಬಣ್ಣ ಬಂದ ಮೇಲೆ ಬಳಿಯುತ್ತಿದ್ದ. ಅವನು ಅಳಿಸಿದ ಜಾಗ ಎಲ್ಲಿತ್ತೆಂದು ಅವನಿಗೇ ಮರುದಿನ ಸಿಗುತ್ತಿರಲಿಲ್ಲ. ಅವನಿಗೆ ಸಿಗದಿದ್ದರೇನು, ಆ ಪುಣ್ಯಾತ್ಮನಿಗೆ ಸಿಗುತ್ತಿತ್ತು. ತೇಪೆಯ ಗೋಡೆಗಳನ್ನೆಲ್ಲ ಬಿಟ್ಟು ಬೂದಪ್ಪ ಶುಚಿಮಾಡಿದ ಗೋಡೆಗಳನ್ನೇ ಹುಡುಕಿ ಬರೆಯುತ್ತಿದ್ದ. ಚೆನ್ನಾಗಿ ಒರೆಸಿದ ಸ್ಲೇಟು ಯಾರಿಗೆ ಬೇಡ?

ಡಿಪೋದಲ್ಲಿ ಮೇಲ್ವಿಚಾರಕರು ಕಾಯುತ್ತಿದ್ದರು. ಇವರಿಗೆ ಸೀಲ್ ಸಾಹೇಬರೆಂದು ಹೆಸರು. ಶಾಯಿ ಒಣಗಿದ ರಬ್ಬರ್ ಸೀಲಿಗೆ ಬಾಯಿಂದ "ಹಾ" ಎಂದು ಆವಿ ಊದಿ, "ಠಪ್" ಎಂದು ಒತ್ತುವುದು ಅವರ ಪದ್ಧತಿ. ಬರಬರುತ್ತ ಅದು ಮಾತಿಗೂ ಅಂಟಿಕೊಂಡು, ಪ್ರತಿ ವಾಕ್ಯದ ಮುಂದೆ ಒಂದು "ಹಾ" ಬರುತ್ತಿತ್ತು.

"ಹಾ... ಏಳನೇ ಕಾಲಂ ಮತ್ತೆ ಖಾಲಿ ಬಿಟ್ಟಿದ್ದೀಯಲ್ಲಯ್ಯಾ."

ಅಳಿಸಿದ ಪ್ರತಿ ಗೋಡೆಗೂ ಒಂದು ನಮೂನೆ ತುಂಬಿ, ಅಳಿಸುವ ಮುಂಚಿನ ಫೋಟೋ ಲಗತ್ತಿಸಬೇಕು. ಏಳನೆಯ ಕಾಲಮ್ಮಿನ ತಲೆಬರಹ "ಬರಹದ ಒಕ್ಕಣೆ". ಏನು ಬರೆದಿತ್ತೋ ಅದನ್ನು ಅಲ್ಲಿ ಇಳಿಸಬೇಕು.

"ಓದಕ್ಕಾಗ್ತಿಲ್ಲ ಸಾರ್."

"ಹಾ... ನಿನ್ನನ್ನ ಇಲ್ಲಿಗೆ ತಗೊಂಡಿದ್ದೇ ಅಕ್ಷರ ಬಲ್ಲೋನು ಅಂತ. ಹದಿನಾಲ್ಕು ಫಾರಂ ಬಾಕಿ. ಏಳನೇ ಕಾಲಂ ತುಂಬದೇ ನಾನು ಸೀಲ್ ಹಾಕಂಗಿಲ್ಲ, ಸೀಲ್ ಇಲ್ದೆ ಫೈಲ್ ಮುಚ್ಚಂಗಿಲ್ಲ."

"ಅದು ಸುಮ್ನೆ ಗೀಚಿರೋದು ಸಾರ್. ಒಕ್ಕಣೆ ಅಂತ ಏನೂ ಇರಲಾರದು."

"ಇಲ್ದೇ ಹದಿನಾಲ್ಕು ಕಡೆ ಒಂದೇ ಥರ ಗೀಚ್ತಾರಾ? ಹಾ... ತಿಂಗಳ ಕೊನೆ ತನಕ ಟೈಮ್ ಕೊಡ್ತೀನಿ. ಆಗ್ಲಿಲ್ವಾ, ದೀಪದ ಕಂಬಕ್ಕೆ ನಂಬರ್ ಹೊಡೆಯೋ ಕೆಲಸ ಖಾಲಿ ಇದೆ. ತಗಡಿನ ಅಚ್ಚು ಇಡು, ಬಳಿ, ಮುಂದಿನ ಕಂಬ. ಅಲ್ಲಿ ಓದೋದೂ ಬೇಡ, ಬರೆಯೋದೂ ಬೇಡ."

ಬೂದಪ್ಪನಿಗೆ ಕೆನ್ನೆಗೆ ಹೊಡೆದಂತಾಯಿತು. ಅವನಿಗೆ ಅಕ್ಷರ ಕಲಿಸಿದ್ದು ದೊಡ್ಡಪ್ಪ. ತಗಡಿನ ಅಚ್ಚು ಇಟ್ಟು ಬಳಿಯುವವರನ್ನು ಕಂಡರೆ ಆ ಮುದುಕ "ಇವ್ರು ಅನ್ನಾನೂ ಬೇರೆಯೋರ ಕೈಲೇ ಅಗಿಸ್ಕೊಂಡು ನುಂಗ್ತಾರೇನೋ" ಎನ್ನುತ್ತಿದ್ದ. ಮೂವತ್ತು ವರ್ಷ ಒಂದೇ ಒಂದು ಸಲವೂ ಅಚ್ಚು ಮುಟ್ಟದ ಕೈ ಇನ್ನು ಕಂಬದಿಂದ ಕಂಬಕ್ಕೆ ಒಂದು, ಎರಡು, ಮೂರು ಎಂದು ತಗಡು ಒತ್ತಬೇಕೆ? ಅದೂ ಓದಲು ಬಾರದ್ದಕ್ಕೆ!

ಮನೆಯಲ್ಲಿ ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಶಾಲೆಗಳಿಗೆ ಸಮವಸ್ತ್ರ ಹೊಲಿದು ಕೊಡುವುದು ಅವಳ ಕಸುಬು. ಯಾರನ್ನು ಒಂದು ಸಲ ನೋಡಿದರೂ ಅವರ ದನಿಯ ಅಳತೆ ತೆಗೆದು ಅಣಕಿಸುವುದು ಅವಳ ಹುಟ್ಟುಗುಣ. ಎಲ್ಲ ಕೇಳಿ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಅದರ ತಳಕ್ಕೆ "ಹಾ..." ಎಂದು ಊದಿದಳು. "ಠಪ್" ಎಂದು ಅಂಗಿಯ ಕಾಲರಿನ ಮೇಲೆ ಒತ್ತಿದಳು.

"ಹಾ... ಬೂದಪ್ಪಾ, ಮೂವತ್ತು ವರ್ಷ ಅಕ್ಷರ ಬರೆದು ಸಂಪಾದಿಸಿದ್ದು ಇದೇ ಏನಯ್ಯಾ? ಹಾ... ನಿನ್ನ ಹೆಂಡ್ತಿ ಕೊಟ್ಟ ಸಾಮಾನಿನ ಪಟ್ಟೀನೂ ನಿನಗೆ ಓದಕ್ಕೆ ಬರಲ್ವಂತೆ. ಸೋಪು ಅಂದ್ರೆ ಸೂಜಿ ತಂದ್ಯಂತೆ!"

"ನಗಬೇಡ್ವೇ. ಮೈಯೆಲ್ಲಾ ಉರೀತಿದೆ."

"ಉರಿಯೋದು ಮೈಯಲ್ಲರೀ, ಜಂಬ. ಓದಕ್ಕೆ ಬರ್ದಿದ್ರೆ ಬರಲ್ಲ ಅಂತ ಬರೆದು ಕೊಟ್ಟು ಬನ್ನಿ."

"ನಾನಾ? ಓದಕ್ಕೆ ಬರಲ್ಲ ಅಂತ, ನನ್ನ ಕೈಯಿಂದ?"

"ಅದೇ ಹೇಳಿದ್ದು, ಜಂಬ ಅಂತ. ಬರಲ್ಲ ಅಂದ್ರೆ ಕಲೀರಿ. ಲೈಬ್ರರಿ ಇರೋದು ಯಾಕೆ, ಫ್ಯಾನಿನ ಕೆಳಗೆ ನಿದ್ದೆ ಮಾಡಕ್ಕಾ?"

ಮರುದಿನ ಊಟದ ಬಿಡುವಿನಲ್ಲಿ ಅವನು ಸಾರ್ವಜನಿಕ ಗ್ರಂಥಾಲಯದ ಮೆಟ್ಟಿಲು ಹತ್ತಿದ. ಅಲ್ಲಿನ ಮೇಜಿನ ಹಿಂದೆ ಕುಳಿತ ಲೈಬ್ರರಿಯಮ್ಮ, ಮೂಗಿನ ತುದಿಯ ಕನ್ನಡಕದ ಮೇಲಿನಿಂದ ಅವನ ಬೂದು ಅಂಗಿಯನ್ನು ನೋಡಿದಳು.

"ಕೈ ತೊಳೆದಿದ್ದೀರಾ?"

"ತೊಳೆದಿದೀನಮ್ಮಾ. ಇದು ನೀರಿಗೆ ಹೋಗದ ಬಣ್ಣ. ಗೋಡೆ ಮೇಲೆ ಬರೀತಾರಲ್ಲ, ಗ್ರಾಫಿಟಿ, ಅದನ್ನ ಕಲಿಯೋ ಪುಸ್ತಕ ಬೇಕಿತ್ತು."

"ಕಲಿತು ಏನ್ಮಾಡ್ತೀರಾ?"

"ಓದ್ತೀನಿ."

"ಪುಸ್ತಕ ಓದೋದು ಸರಿ. ಕಲಿತು?"

"ಕಲಿತೇ ಓದಬೇಕಮ್ಮಾ!" ಎಂದು ಬೂದಪ್ಪ ಹಲ್ಲು ಕಡಿದ.

ಆ ಪುಸ್ತಕಗಳು ಯಾವ ಕಪಾಟಿನಲ್ಲಿವೆ ಎಂಬುದೇ ಒಂದು ಪತ್ತೇದಾರಿ. ಚಿತ್ರಕಲೆಯಲ್ಲಿ ಇರಲಿಲ್ಲ. ಅಪರಾಧ, ಕಾನೂನು ಎಂಬ ಕಪಾಟಿನಲ್ಲಿ ಒಂದಿತ್ತು. ಕೈಬರಹ ಸುಧಾರಣೆಯಲ್ಲಿ ಇನ್ನೊಂದು. ಮೂರನೆಯದು "ಮನೆ ರಿಪೇರಿ"ಯಲ್ಲಿ, ಸೋರುವ ನಲ್ಲಿಯ ಪಕ್ಕ.

ಮೊದಲನೆಯದು ಗೋಡೆಯಷ್ಟೇ ದಪ್ಪ. ಅದರ ಲೇಖಕರು ಗೋಡೆ ಎಂದರೇನು, ಗುಹೆಯ ಮನುಷ್ಯ ಯಾಕೆ ಗೀಚಿದ, ನಗರ ಎಂಬ ಪರಿಕಲ್ಪನೆ ಎಂದು ನೂರ ಎಂಬತ್ತು ಪುಟ ನಡೆದಮೇಲೂ ಇನ್ನೂ ಬಣ್ಣದ ಅಂಗಡಿ ತಲುಪಿರಲಿಲ್ಲ. ಅದರಲ್ಲಿ ಬೂದಪ್ಪನಿಗೆ ಅರ್ಥವಾದದ್ದು ಒಂದೇ ಸಾಲು: ಇಂಥ ಕಲಾವಿದರಲ್ಲಿ ಬಹಳ ಜನ ತಾವೇ ಇಟ್ಟುಕೊಂಡ ಒಂದು ಹೆಸರನ್ನೇ ಜೀವಮಾನವೆಲ್ಲ ತಿದ್ದಿ ತಿದ್ದಿ ಬರೆಯುತ್ತಾರೆ. ಎರಡನೆಯದರಲ್ಲಿ ಬರೀ ಫೋಟೋ. ಮದುವೆಯ ಆಲ್ಬಮ್ಮಿನಂತೆ ಎಲ್ಲರೂ ಚೆಂದ, ಯಾರ ಪರಿಚಯವೂ ಇಲ್ಲ. ಮೂರನೆಯದು ತೆಳ್ಳನೆಯ ಅಭ್ಯಾಸ ಪುಸ್ತಕ. ಡಬ್ಬಿ ಹಿಡಿಯುವುದು, ಗೆರೆ ಎಳೆಯುವುದು, ಅಕ್ಷರ ಉಬ್ಬಿಸುವುದು, ಹೆಣೆಯುವುದು, ಎಲ್ಲಕ್ಕೂ ಚಿತ್ರ, ಪಾಠ. ಬೂದಪ್ಪನ ಮುಖ ಅರಳಿತು.

ಅರವತ್ತನೆಯ ಪುಟದವರೆಗೆ ಮಾತ್ರ. ಆ ಪುಟದ ಕೊನೆಯ ಸಾಲು ಹೀಗಿತ್ತು: "ಗೆರೆಯನ್ನು ಶುರುಮಾಡುವುದು ಸುಲಭ. ಬಣ್ಣ ಸೋರದಂತೆ ನಿಲ್ಲಿಸುವುದು ಹೇಗೆ ಎಂಬುದನ್ನು ಮುಂದಿನ ನಾಲ್ಕು ಪುಟಗಳಲ್ಲಿ ನೋಡೋಣ." ನೋಡೋಣವೆಂದರೆ, ಮುಂದಿನ ಪುಟ ಅರವತ್ತೈದು. ನಡುವಿನ ಎರಡು ಹಾಳೆಗಳನ್ನು ಯಾರೋ ಹರಿದಿದ್ದರು.

ಬೂದಪ್ಪ ಪುಸ್ತಕ ಎತ್ತಿಕೊಂಡು ಮೇಜಿಗೆ ಓಡಿದ. "ಅಮ್ಮಾ, ಇದರಲ್ಲಿ ಮುಖ್ಯವಾದ್ದೇ ಇಲ್ಲ!"

ಲೈಬ್ರರಿಯಮ್ಮ ಬೆರಳು ನೆಕ್ಕಿ ಪುಟ ಎಣಿಸಿದಳು. "ಹೋದ ವರ್ಷದಿಂದಾನೂ ಇಲ್ಲ. ನನ್ನ ಪಟ್ಟೀಲಿ ಬರೆದಿದೆ. ನೀವು ವಾಪಸ್ ತರೋವಾಗ್ಲೂ ಎಣಿಸ್ತೀನಿ. ಇನ್ನೊಂದು ಹಾಳೆ ಕಮ್ಮಿಯಾದ್ರೆ ನೀವೇ ಜವಾಬ್ದಾರಿ. ಇಲ್ಲಿ ಸಹಿ ಹಾಕಿ."

ಕದ್ದವನು ಹಾಯಾಗಿದ್ದಾನೆ, ಕೇಳಿದವನು ಸಹಿ ಹಾಕಬೇಕು. ಬೂದಪ್ಪ ಸಹಿ ಹಾಕಿದ.

ಹೊರಗೆ ಮೆಟ್ಟಿಲ ಮೇಲೆ ಕುಳಿತು ಮತ್ತೆ ಅದೇ ಜಾಗ ಬಿಡಿಸಿದಾಗ ಅವನಿಗೆ ಪೆನ್ಸಿಲ್ ಗುರುತು ಕಂಡಿತು. ಅರವತ್ತೈದನೆಯ ಪುಟದ ಅಂಚಿನಲ್ಲಿ, ಹರಿದ ಹಾಳೆಯ ಬುಡಕ್ಕೆ ತಾಗಿ, ಯಾರೋ ಬಾಲಗಳನ್ನು ಬಿಡಿಸಿ ಅಭ್ಯಾಸ ಮಾಡಿದ್ದರು. ಒಂದರ ಕೆಳಗೊಂದು ಇಪ್ಪತ್ತು ಬಾಲ, ಪ್ರತಿಯೊಂದರ ತುದಿಯಲ್ಲೂ ಒಂದು ಗಡ್ಡೆ. ಕೊನೆಯಲ್ಲಿ ಪುಟ್ಟದಾಗಿ, ಒತ್ತಿ ಒತ್ತಿ ಬರೆದ ಒಂದು ಮಾತು: "ಹೇಗೆ??"

ಅವನು ಚೀಲದಿಂದ ಹದಿನಾಲ್ಕು ಫೋಟೋಗಳ ಕಟ್ಟು ತೆಗೆದು ಪಕ್ಕಕ್ಕಿಟ್ಟ. ಅದೇ ಬಾಲ. ಅದೇ ಬಾಗು, ಅದೇ ಗಡ್ಡೆ. ಪುಸ್ತಕದ ಕೊನೆಯ ಚೀಟಿಯಲ್ಲಿ ತಾರೀಖಿನ ಮುದ್ರೆಗಳು ಹದಿನೈದು ಹದಿನೈದು ದಿನಕ್ಕೊಂದರಂತೆ ಆರು ಬಿದ್ದಿದ್ದವು. ಯಾರೋ ಒಬ್ಬರು ಇದೇ ಪುಸ್ತಕವನ್ನು ಮೂರು ತಿಂಗಳು ಮತ್ತೆ ಮತ್ತೆ ಒಯ್ದಿದ್ದಾರೆ, ಇಲ್ಲದ ಪುಟ ಈ ಸಲವಾದರೂ ಇರಬಹುದೆಂಬಂತೆ.

"ಥೂ," ಎಂದ ಬೂದಪ್ಪ. ಯಾರಿಗೆಂದು ಅವನಿಗೇ ತಿಳಿಯಲಿಲ್ಲ.

ಕಣ್ಣಿಗೆ ಸಿಗದ ಅಕ್ಷರವನ್ನು ಕೈಗೆ ಕೊಡು ಎಂಬುದು ದೊಡ್ಡಪ್ಪನ ಪಾಠ. ಹಳೆಯ ಬೋರ್ಡಿನ ಮಾಸಿದ ಬರಹ ಓದಲಾಗದಿದ್ದರೆ, ಅದರ ಗೆರೆಗಳ ಮೇಲೆ ಒಣ ಬ್ರಷ್ ಆಡಿಸಿದರೆ ಕೈಗೆ ತಾನೇ ಗೊತ್ತಾಗುತ್ತಿತ್ತು. ಹಾಗಾಗಿ ಓದಬೇಕಾದರೆ ಬರೆಯಬೇಕಿತ್ತು. ಡಿಪೋದ ಹಿಂದಿನ ಸಾಮಾನು ಕೋಣೆಯಲ್ಲಿ, ಗೋಡೆಗಳ ಬುಡದಲ್ಲಿ ಸಿಕ್ಕಿದ ಸ್ಪ್ರೇ ಡಬ್ಬಿಗಳನ್ನು ನಂಬರ್ ಚೀಟಿ ಕಟ್ಟಿ, ಪುರಾವೆಯೆಂದು ಸಾಲಾಗಿ ಇಟ್ಟಿದ್ದರು. ದಿನವೂ ಊಟದ ಬಿಡುವಿನಲ್ಲಿ ಬೂದಪ್ಪ ಒಳಗಿನಿಂದ ಚಿಲಕ ಹಾಕಿ ಪುರಾವೆಯನ್ನು ಅಲ್ಲಾಡಿಸಿ, ಫೋಟೋದ ಅಕ್ಷರವನ್ನು ಕೋಣೆಯ ಗೋಡೆಗೆ ನಕಲು ಮಾಡತೊಡಗಿದ.

ಪುಸ್ತಕದ ಬದನೆಕಾಯಿ ಎಂದರೆ ಏನೆಂದು ಅವನಿಗೆ ಆಗ ಗೊತ್ತಾಯಿತು. "ಡಬ್ಬಿಯನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಹಿಡಿಯಿರಿ." ಯಾರ ಬೆರಳು? ಅವನ ನಾಲ್ಕು ಬೆರಳಿಗೆ ಬಣ್ಣ ಹೊಳೆಯಾಗಿ ಹರಿಯಿತು. ಎಂಟು ಬೆರಳಿಗೆ ಮಂಜಾಯಿತು. "ತೋಳನ್ನು ಸಡಿಲವಾಗಿ, ಮನಸ್ಸನ್ನು ಹಗುರವಾಗಿ ಬಿಡಿ." ಐವತ್ತನಾಲ್ಕು ವರ್ಷದ ತೋಳು ಸಡಿಲವಾಗಬೇಕಾದರೆ ಮೊದಲು ಕಳಚಬೇಕಿತ್ತು, ಮನಸ್ಸಿನ ಮಾತಂತೂ ಬೇಡ. ಬ್ರಷ್ಷಾದರೆ ಗೋಡೆಯನ್ನು ಮುಟ್ಟುತ್ತದೆ, ಗೋಡೆ ಅದಕ್ಕೆ ಉತ್ತರ ಕೊಡುತ್ತದೆ. ಈ ಡಬ್ಬಿ ಎಲ್ಲಿಯೂ ಮುಟ್ಟದೆ ದೂರದಿಂದ ಉಗುಳುವ ಜಾತಿ. ಮೊದಲ ವಾರ ಪೂರ್ತಿ ಅವನು ಬರೆದದ್ದೆಲ್ಲ ಸೋರಿತು. ಸಂಜೆ ಮನೆಗೆ ಹೋದರೆ ಕಿತ್ತಳೆ ಬಣ್ಣದ ಮೂಗು.

"ಏನ್ರೀ ಇದು, ಬೂದಪ್ಪನ ಮೂಗಲ್ಲಿ ಸೂರ್ಯೋದಯ ಆಗಿದೆ?" ಎಂದಳು ಹೆಂಡತಿ.

"ಈ ಬಾಲ ನಿಲ್ತಿಲ್ಲ ಕಣೇ. ನನ್ನ ಕೈಲೂ ಸೋರ್ತಾ ಇದೆ!"

"ನಿಮ್ಮ ಬ್ರಷ್ ಕೆಲಸದಲ್ಲಿ ಹೆಂಗೆ ನಿಲ್ಲಿಸ್ತಿದ್ರಿ?"

"ಹೆಂಗೆ ಅಂದ್ರೆ? ನಿಲ್ಲಿಸ್ತಿದ್ದೆ ಅಷ್ಟೆ."

"ನಂಗೂ ಹಂಗೇ ಹೇಳ್ತಿದ್ಲು ನಮ್ಮತ್ತೆ, ಹೊಲಿಗೆ ಕಲಿಸೋವಾಗ. ಗಂಟು ಹೆಂಗೆ ಹಾಕೋದು ಅಂದ್ರೆ, ಹಾಕೋದು ಅಷ್ಟೆ ಅಂತ. ಒಂದು ವರ್ಷ ನಾನು ಹೊಲಿದಿದ್ದೆಲ್ಲಾ ಬಿಚ್ಕೊಂಡು ಹೋಯ್ತು."

ಅಂದು ಅವನು ಖಾಲಿ ಕೈಯಲ್ಲಿ ಗಾಳಿಯ ಮೇಲೆ ಗೆರೆ ಎಳೆದು ಎಳೆದು ನೋಡಿದ. ಆಗ ದೊಡ್ಡಪ್ಪ ಮೊಣಕೈಗೆ ಅಡಿಪಟ್ಟಿಯಿಂದ ಬಾರಿಸುತ್ತ ಹೇಳುತ್ತಿದ್ದದ್ದು ನೆನಪಾಯಿತು: "ಮೊದ್ಲು ಎತ್ತು, ಆಮೇಲೆ ನಿಲ್ಲು!" ಗೆರೆಯ ಕೊನೆಯಲ್ಲಿ ಕೈ ಇನ್ನೂ ಓಡುತ್ತಿರುವಾಗಲೇ ಬ್ರಷ್ ಮೇಲೇಳಬೇಕು. ಡಬ್ಬಿಗೂ ಅದೇ ಇರಬೇಕು. ಕೈ ನಿಲ್ಲುವ ಮುಂಚೆಯೇ ಬೆರಳು ಏಳಬೇಕು. ನಿಂತ ಮೇಲೆ ಬೆರಳೆತ್ತಿದರೆ ಆ ಒಂದು ಚಿಟಿಕೆ ಹೊತ್ತಿನಲ್ಲಿ ಬಣ್ಣವೆಲ್ಲ ಒಂದೇ ಕಡೆ ಬೀಳುತ್ತದೆ, ಸೋರುತ್ತದೆ.

ಮರುದಿನ ಬಾಲ ನಿಂತಿತು. ಚಾಕುವಿನಿಂದ ಕತ್ತರಿಸಿದಂತೆ, ಒಂದು ಹನಿಯೂ ಇಳಿಯದೆ. ಬೂದಪ್ಪ ಅದನ್ನು ನೋಡಿ ಹಿಗ್ಗಬೇಕಿತ್ತು, ಬದಲಿಗೆ, "ಇಷ್ಟಕ್ಕೆ ನಾಲ್ಕು ಪುಟ ಯಾಕೆ ಬೇಕಿತ್ತು ಇವರಿಗೆ!" ಎಂದು ಲೇಖಕರ ಮೇಲೆ ಹರಿಹಾಯ್ದ.

ಬಾಲ ಸಿಕ್ಕಿದ ಮೇಲೆ ಉಳಿದದ್ದು ಒಂದೊಂದಾಗಿ ಬಿಚ್ಚಿಕೊಂಡಿತು. ಬಾಲ ಎಲ್ಲಿಂದ ಹೊರಟಿತೆಂದು ಹಿಮ್ಮುಖವಾಗಿ ಹೋದರೆ ಒತ್ತು ಸಿಕ್ಕಿತು, ಒತ್ತಿನಿಂದ ಹೊಟ್ಟೆ, ಹೊಟ್ಟೆಯ ಹಿಂದೆ ಅಡಗಿದ್ದ ತಲೆ. ಮೂರನೆಯ ವಾರದ ಗುರುವಾರ, ಹನ್ನೊಂದನೆಯ ಸಲ ನಕಲು ಮಾಡುತ್ತಿದ್ದಾಗ, ಕೈ ಥಟ್ಟನೆ ನಿಂತಿತು. ಅವನು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎರಡೇ ಅಕ್ಷರ. ಗೋಡೆ ಅವನ ಮುಖಕ್ಕೇ ಹೇಳುತ್ತಿತ್ತು: ಸೊಳ್ಳೆ.

"ಸೊಳ್ಳೆಯಾ?"

ಘೋಷಣೆಯಲ್ಲ, ಬೈಗುಳವಲ್ಲ, ಪ್ರೇಮವಲ್ಲ. ಸೊಳ್ಳೆ! ಮೂರು ವಾರದ ಊಟದ ಬಿಡುವು, ಮೂರು ಪುಸ್ತಕ, ಒಂದು ಸಹಿ, ಒಂದು ಕಿತ್ತಳೆ ಮೂಗು, ಎಲ್ಲ ಒಂದು ಸೊಳ್ಳೆಗೆ. ಬೂದಪ್ಪ ಗಹಗಹಿಸಿ ನಕ್ಕ, ನಗು ಮುಗಿಯುವ ಮೊದಲೇ ಡಬ್ಬಿಯನ್ನು ಮೂಲೆಗೆ ಎಸೆದ. ಆಮೇಲೆ ದಪ್ಪ ಪುಸ್ತಕದ ಆ ಒಂದು ಸಾಲು ನೆನಪಾಯಿತು. ಹೆಸರು. ಹೊಡೆದಷ್ಟೂ ಮತ್ತೆ ಬಂದು ಕೂರುವ, ಸದ್ದಿನಿಂದಲೇ ನಿದ್ದೆ ಕೆಡಿಸುವ ಯಾರೋ ಒಬ್ಬರು ತಮಗೆ ತಾವೇ ಇಟ್ಟುಕೊಂಡ ಹೆಸರು. ಸರಿಯಾಗಿಯೇ ಇಟ್ಟುಕೊಂಡಿದ್ದಾರೆ ಎಂದುಕೊಂಡ. ಬರೆದದ್ದು ಕಾಣದಂತೆ ಕೋಣೆಯ ಗೋಡೆಗೆ ಗೋಡೆಯದೇ ಬಣ್ಣ ಬೆರೆಸಿ ಬಳಿದು, ಹದಿನಾಲ್ಕು ನಮೂನೆ ಕಂಕುಳಲ್ಲಿ ಇಟ್ಟುಕೊಂಡು, ಎದೆಯುಬ್ಬಿಸಿ ಸಾಹೇಬರ ಕೋಣೆಗೆ ಹೋದ.

"ಹಾ... ಸಿಕ್ತಾ ಒಕ್ಕಣೆ?"

"ಸಿಕ್ಕೋ ಹಾಗಿದೆ ಸಾರ್." ಬಾಯಿಗೆ ಬಂದದ್ದನ್ನು ಒಂದು ಗಳಿಗೆ ಚಪ್ಪರಿಸೋಣವೆಂದು ತಡೆದ. "ಅಲ್ಲ ಸಾರ್, ಅಳಿಸಿ ಆದಮೇಲೆ ಅದೇನಿತ್ತು ಅಂತ ಯಾಕೆ ಬೇಕು?"

"ಹಾ... ಅಲ್ಲೇ ಇರೋದು ಗಮ್ಮತ್ತು. ಬಿಡಿ ಬಿಡಿ ಗೋಡೆಯಾದ್ರೆ ಬರೀ ಎಚ್ಚರಿಕೆ. ಹದಿನಾಲ್ಕರಲ್ಲೂ ಒಂದೇ ಹೆಸರು ಅಂತ ಬರವಣಿಗೇಲಿ ಸಿಕ್ಕಿದ್ರೆ ಒಂದೇ ಫೈಲು, ನೇರ ಪೊಲೀಸಿಗೆ. ಇಷ್ಟಾದ್ರೆ ಒಳಗೆ ಹಾಕ್ತಾರೆ. ಅಡ್ಡಹೆಸರು ಒಂದು ಗೊತ್ತಾಗ್ಲಿ, ಆಳನ್ನ ಹುಡುಕೋದು ಎರಡು ದಿನದ ಕೆಲಸ."

ನಾಲಿಗೆಯ ತುದಿಗೆ ಬಂದು ಕೂತಿದ್ದ ಸೊಳ್ಳೆಯನ್ನು ಬೂದಪ್ಪ ನುಂಗಿಕೊಂಡ. ಗಂಟಲಲ್ಲಿ ಅದು ಗುಂಯ್ಗುಟ್ಟಿತು. "ನೋಡ್ತೀನಿ ಸಾರ್" ಎಂದು ಹೊರಬಿದ್ದ.

ಪೊಲೀಸರಿಗೆ ಎರಡು ದಿನವೂ ಬೇಡ. ಲೈಬ್ರರಿಯಮ್ಮನ ರಿಜಿಸ್ಟರು ತೆರೆದರೆ ಐದು ನಿಮಿಷ.

ಮನೆಯಲ್ಲಿ ಅವನು ಹಾರಾಡಿಬಿಟ್ಟ. ಓದಲಾಗದಿದ್ದಾಗ ಒಂದು ಹಿಂಸೆ, ಓದಿದರೆ ಹತ್ತು! ಇವನು ಯಾವನೋ ಸೊಳ್ಳೆ, ನನ್ನ ಗೋಡೆಯನ್ನೇ ಕಚ್ಚಬೇಕಿತ್ತೇ? ಪುಟ ಹರಿದವನ ಕೈ ಸೇದಿಹೋಗ! ಹೆಂಡತಿ ಎಲ್ಲ ಕೇಳುತ್ತ, ಪುಸ್ತಕದ ಅಂಚಿನ ಆ "ಹೇಗೆ??" ನೋಡುತ್ತ ಕುಳಿತಳು.

"ಪಾಪ, ಗಂಟು ಹಾಕೋದು ಯಾರೂ ಹೇಳ್ಕೊಟ್ಟಿಲ್ಲ," ಎಂದಳು. ಆಮೇಲೆ, "ನೀವೇನು ಬರೀತೀರಿ ನಂಗೊತ್ತು. ಸೊಳ್ಳೆ ಅಂತಾನೇ ಬರೀತೀರಿ. ಓದಕ್ಕೆ ಬರಲ್ಲ ಅಂತ ಬರೆಯೋ ಕೈಯಲ್ಲ ಅದು."

ಅಂಚಿನ ಆ "ಹೇಗೆ??" ಅವನ ತಲೆಯಲ್ಲಿ ಕುಟುಕುತ್ತಿತ್ತು. ಮೂವತ್ತು ವರ್ಷ ಅಕ್ಷರ ಬರೆದವನನ್ನು ಎಷ್ಟೋ ಜನ ಯಾವಾಗ ಕೊಡ್ತೀಯ ಎಂದು ಕೇಳಿದ್ದರು. ಹೇಗೆ ಎಂದು ಯಾರೂ ಕೇಳಿರಲಿಲ್ಲ.

ತಿಂಗಳ ಕೊನೆಯ ದಿನ ಸಾಹೇಬರ ಎದುರಿನ ಸ್ಟೂಲಿನ ಮೇಲೆ ಕುಳಿತು ಅವನು ನಮೂನೆಗಳನ್ನು ತುಂಬಿದ. ಮೊದಲನೆಯದರ ಮುಂದೆ ಪೆನ್ನು ಬಹಳ ಹೊತ್ತು ಗಾಳಿಯಲ್ಲೇ ನಿಂತಿತ್ತು. ಆಮೇಲೆ, ಹಲ್ಲಿನ ಡಾಕ್ಟರ ಬೋರ್ಡಿಗೂ ಬರೆಯದಷ್ಟು ದುಂಡಾದ ಅಕ್ಷರದಲ್ಲಿ, ತಲೆಕಟ್ಟು ಒಂದೇ ಸಾಲಿಗೆ ಬರುವಂತೆ, ಬರೆದ: "ನನಗೆ ಓದಲು ಬರುವುದಿಲ್ಲ." ಹದಿನಾಲ್ಕು ಸಲ ಬರೆದ. ಆರನೆಯದಕ್ಕೆ ಕಿವಿ ಬಿಸಿಯಾಯಿತು. ಹತ್ತನೆಯದಕ್ಕೆ ದೊಡ್ಡಪ್ಪ ಹಿಂದೆ ನಿಂತು ಅಡಿಪಟ್ಟಿ ಎತ್ತಿದಂತಾಯಿತು. ಹದಿನಾಲ್ಕನೆಯದನ್ನು ಮುಗಿಸಿದಾಗ ಬೆನ್ನು ಬೆವೆತಿತ್ತು.

ಸೀಲ್ ಸಾಹೇಬರು ಓದಿದರು. ಕಾಲಂ ತುಂಬಿತ್ತು, ವಾಪಸು ಕಳಿಸಲು ನಿಯಮವಿರಲಿಲ್ಲ. "ಹಾ..." ಎಂದರು, ಈ ಸಲ ಸೀಲಿಗಲ್ಲ. "ಇಷ್ಟು ಚೆಂದ ಬರೆಯೋನಿಗೆ ಓದಕ್ಕೆ ಬರಲ್ವೇನಯ್ಯಾ? ನಾಳೆಯಿಂದ ಕಂಬ." ಠಪ್.

ಅದಕ್ಕೂ ಹಿಂದಿನ ದಿನ ಅವನು ಇನ್ನೊಂದು ಬರವಣಿಗೆ ಮುಗಿಸಿದ್ದ. ಎರಡು ದಪ್ಪ ಹಾಳೆಗಳನ್ನು ಪುಸ್ತಕದ ಅಳತೆಗೆ ಕತ್ತರಿಸಿ, ನಾಲ್ಕು ಪುಟದಲ್ಲೂ ಬರೆದಿದ್ದ: ಕೈ ಹೇಗೆ ಓಡಬೇಕು, ಬೆರಳು ಯಾವಾಗ ಏಳಬೇಕು, ನಾಲ್ಕು ಬೆರಳೆಂದರೆ ಎಷ್ಟು ದೂರ. ಪಕ್ಕದಲ್ಲಿ ಬಾಲದ ಚಿತ್ರಗಳು. ತಪ್ಪಿದ ಬಾಲ, ಸರಿಯಾದ ಬಾಲ. ಮೊದಲ ಸಾಲು: "ಮೊದಲು ಎತ್ತು, ಆಮೇಲೆ ನಿಲ್ಲು." ಅರವತ್ತೊಂದರಿಂದ ಅರವತ್ತನಾಲ್ಕು ಎಂದು ಪುಟಸಂಖ್ಯೆ ಹಾಕಿ, ಹರಿದ ಬುಡಕ್ಕೆ ಅಂಟಿಸಿ, ಒಂದು ಸಲ ಅವಧಿ ಮುಂದುವರಿಸಿಕೊಂಡಿದ್ದ ಪುಸ್ತಕವನ್ನು ವಾಪಸು ಕೊಡಲು ಹೋಗಿದ್ದ.

ಲೈಬ್ರರಿಯಮ್ಮ ಬೆರಳು ನೆಕ್ಕಿದಳು. "ಐವತ್ತೊಂಬತ್ತು, ಅರವತ್ತು, ಅರವತ್ತೊಂದು..." ಬೆರಳು ನಿಂತಿತು. "ಏನ್ರೀ ಇದು? ಹಾಳೆ ಕಮ್ಮಿ ಮಾಡಿ ತರೋರನ್ನ ನೋಡಿದೀನಿ. ಜಾಸ್ತಿ ಮಾಡಿ ತಂದೋರು ನೀವೇ ಮೊದಲು."

"ಇರಬೇಕಾದ್ದೇ ಇದೆಯಮ್ಮಾ ಈಗ."

"ಪುಸ್ತಕದಲ್ಲಿ ಬರೆಯೋ ಹಾಗಿಲ್ಲ. ಅಲ್ಲಿ ಬೋರ್ಡ್ ಹಾಕಿದೆ."

"ಆ ಬೋರ್ಡ್ ಬರೆದಿದ್ದೇ ನಾನು."

ಅವಳು ಗೋಡೆಯ ಹಳೆಯ ಬೋರ್ಡು ನೋಡಿದಳು, ಹಾಳೆ ನೋಡಿದಳು, ಮತ್ತೆ ಬೋರ್ಡು ನೋಡಿದಳು. ಎರಡು ಹಾಳೆಗೂ ಗ್ರಂಥಾಲಯದ ಮುದ್ರೆ ಒತ್ತಿ, ತನ್ನ ಪಟ್ಟಿಯಲ್ಲಿ "ನಾಲ್ಕು ಪುಟ ಇಲ್ಲ" ಎಂಬ ಸಾಲನ್ನು ಹೊಡೆದುಹಾಕಿದಳು.

ಕಂಬದ ಕೆಲಸ ಸೀಲ್ ಸಾಹೇಬರು ಹೇಳಿದಷ್ಟೇ ಕೆಟ್ಟದ್ದಾಗಿತ್ತು. ತಗಡು ಇಡು, ಬಳಿ, ತೆಗೆ. ಅಚ್ಚಿನಲ್ಲಿ ಎಂಟರ ಹೊಟ್ಟೆ ಉದುರದಂತೆ ಹಿಡಿದ ತಗಡಿನ ಸೇತುವೆ ಬಿಟ್ಟ ಬಿಳಿ ಸೀಳುಗಳು ಎಂಟು ಬಂದ ಪ್ರತಿ ಕಂಬದಲ್ಲೂ ಅವನನ್ನು ಅಣಕಿಸಿದವು. ಬ್ರಷ್ಷಿನಿಂದ ಮುಚ್ಚಿದರೆ ನಿಯಮಕ್ಕೆ ವಿರುದ್ಧ. ಹತ್ತು ದಿನಕ್ಕೆ ಇನ್ನೂರು ಕಂಬ ಮುಗಿಸಿ, ಇನ್ನೂರ ಹನ್ನೆರಡನೆಯದಕ್ಕೆ ಬಂದಾಗ ಎದುರಿಗೆ ಅದೇ ಐಸ್ ಕಾರ್ಖಾನೆಯ ಹಿಂಗೋಡೆ.

ಹೊಸ ಬರಹ. ಹಸಿರು, ಬಿಳಿ. ಬೂದಪ್ಪನ ಕಣ್ಣು ಎಲ್ಲ ಬಿಟ್ಟು ಬಲಗಡೆಯ ಕೆಳಮೂಲೆಗೆ ಹೋಯಿತು. ಬಾಲ ಬಾಗಿ ಬಂದು, ಚಾಕುವಿನಿಂದ ಕತ್ತರಿಸಿದಂತೆ ನಿಂತಿತ್ತು. ಕೆಳಗೆ ನೆಲದವರೆಗೂ ಗೋಡೆ ಒಣಗಿತ್ತು, ಒಂದು ಹನಿಯೂ ಇಲ್ಲ.

ಅವನು ತಗಡು ಕೆಳಗಿಟ್ಟು ಹತ್ತಿರ ಹೋದ. ಬೆರಳಿನಿಂದ ಮುಟ್ಟಿದ. ತುಟಿ ತಾನಾಗಿ ಅಗಲವಾಯಿತು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದ. ಅಗಲವಾದ ತುಟಿ ಬಿಗಿಯಿತು.

"ಅಯ್ಯೋ ನಿನ್ನ! ಕತ್ತು ಮುರಿದಿದ್ದೀಯಲ್ಲೋ!"

ಬಾಲದ ಮೇಲೆ ಜೀವವೆಲ್ಲ ಇಟ್ಟು, ಸೊಳ್ಳೆ ಮೊದಲ ಅಕ್ಷರದ ಕತ್ತನ್ನು ಪಕ್ಕಕ್ಕೆ ವಾಲಿಸಿಬಿಟ್ಟಿದ್ದ. ಕತ್ತಿನ ಪಾಠ ಆ ಪುಸ್ತಕದಲ್ಲಿ ಇರಲೇ ಇಲ್ಲ. ಹರಿದದ್ದಲ್ಲ, ಲೇಖಕರೇ ಮರೆತದ್ದು.

ಅಷ್ಟರಲ್ಲಿ ಅವನ ಜಾಗಕ್ಕೆ ಸೇರಿದ ಹೊಸ ಕೆಲಸದವನು ಬಕೆಟ್ಟು ಕುಲುಕಿಸುತ್ತ ಬಂದ. ಫೋಟೋ ತೆಗೆದ. ಶಾಖೆಯ ಬೂದನ್ನು ಹಾಗೆಯೇ ಅದ್ದಿದ.

"ಬಣ್ಣ ಬೆರೆಸಯ್ಯಾ, ಗೋಡೆ ಬೇರೆ ಬೂದು, ನಿನ್ನ ಬೂದು ಬೇರೆ."

"ಬೂದಿನಲ್ಲೂ ಜಾತಿ ನೋಡ್ತೀರಾ ಅಣ್ಣಾ? ನಿಮ್ಮ ಕಂಬ ನೋಡ್ಕೊಳ್ಳಿ." ಎರಡು ಚೌಕ ಬಳಿದು, ನಮೂನೆ ತೆಗೆದು, ಉಳಿದ ಭಾಗದ ಕಡೆ ತಲೆ ಓರೆಮಾಡಿ ನಿಂತ. "ಅಣ್ಣಾ, ನೀವು ಬೋರ್ಡ್ ಬರೀತಿದ್ರಂತೆ. ಇದೇನಿದು? ಏಳನೇ ಕಾಲಂ ತುಂಬಬೇಕು."

ಬೂದಪ್ಪ ಗೋಡೆ ನೋಡಿದ. ಬಾಲ ಚೌಕದೊಳಗೆ ಹೋಗಿಯಾಗಿತ್ತು. ಉಳಿದದ್ದು ಮುರಿದ ಕತ್ತು.

"ಓದಕ್ಕೆ ಬರಲ್ಲಪ್ಪ," ಎಂದ. ಹದಿನೈದನೆಯ ಸಲಕ್ಕೂ ಅದು ಸಲೀಸಾಗಿ ಬಾಯಿಂದ ಬರಲಿಲ್ಲ.

ಊಟದ ಬಿಡುವಿಗೆ ಅವನು ಲೈಬ್ರರಿಯಲ್ಲಿದ್ದ. "ಆ ತೆಳ್ಳನೆ ಪುಸ್ತಕ ಬೇಕಮ್ಮಾ, ಈಗ್ಲೇ."

"ಹೊರಗೆ ಹೋಗಿದೆ. ಹದಿನೈದು ದಿನ."

"ಹದಿನೈದು ದಿನ! ಅಷ್ಟರಲ್ಲಿ ಇನ್ನೆಷ್ಟು ಗೋಡೆ ಮೇಲೆ..." ಬೂದಪ್ಪ ಮಾತು ನುಂಗಿ ಮೇಜು ಗುದ್ದಿದ. ಜೇಬಿನಲ್ಲಿ ಕತ್ತಿನ ಪಾಠಕ್ಕೆಂದು ಕತ್ತರಿಸಿಟ್ಟ ದಪ್ಪ ಹಾಳೆಯೊಂದು ಮುದುಡಿತು.

"ಮೇಜು ಗುದ್ದಬೇಡಿ. ಬೇಕಿದ್ರೆ ಹೆಸರು ಬರೆಸಿ ಹೋಗಿ, ಬಂದ ತಕ್ಷಣ ತೆಗೆದಿಡ್ತೀನಿ." ಅವಳು ಒಂದು ಚೀಟಿ ಮುಂದೆ ತಳ್ಳಿದಳು. ಅದರಲ್ಲೂ ಕಾಲಮ್ಮುಗಳು. ಕೊನೆಯದು: "ಪುಸ್ತಕ ಬೇಕಾದ ಕಾರಣ."

ಅವನು ಹಲ್ಲು ಕಚ್ಚಿ ಬರೆದ. ಲೈಬ್ರರಿಯಮ್ಮ ಚೀಟಿಯನ್ನು ಕನ್ನಡಕದ ಹತ್ತಿರ ಹಿಡಿದಳು.

"'ಕತ್ತು ಸರಿಪಡಿಸುವುದಕ್ಕೆ.' ಕತ್ತು ನೋವಾ?"

"ಹೂಂ," ಎಂದ ಬೂದಪ್ಪ. "ನೋಡಕ್ಕಾಗ್ತಿಲ್ಲ."